ಕನ್ನಡಕದಂಗಡಿಯ ಮುಂದೆ ಅಸರ್ ನಮಾಜ್

ಹೊತ್ತಾಯಿತೆಂದರೆ ಅಮ್ಮ ಎಲ್ಲಿದ್ದರೂ ಶಾಲು ಹಾಸಿ ನಮಾಜಿಗೆ ನಿಂತುಬಿಡುವಳು. ಬಸ್ ನಿಲ್ದಾಣ, ಆಸ್ಪತ್ರೆಯ ವರಾಂಡ, ಒಮ್ಮೆ ಪೆಟ್ರೋಲ್ ಬಂಕಿನ ಪಕ್ಕ. ಮಗಳಿಗೆ ಆ ಧೈರ್ಯ ಎಲ್ಲೂ ಇರಲಿಲ್ಲ. ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಗೆ ಚಿಲಕ ಹಾಕಿಕೊಂಡು, ಕದ್ದು ತಿನ್ನುವವರ ಹಾಗೆ ಗಡಿಬಿಡಿಯಲ್ಲಿ ಮುಗಿಸಿ ಬರುವಳು. ಮ್ಯಾನೇಜರ್ ಏನಂದುಕೊಳ್ಳುತ್ತಾರೋ ಎಂಬ ಭಯ. ಆ ಮನುಷ್ಯ ಇವತ್ತಿನವರೆಗೆ ಏನೂ ಅಂದಿರಲಿಲ್ಲ. ಹೆದರಲೇಬೇಕು ಅಂತ ಕೂತವರಿಗೆ ಕಾರಣ ಯಾಕೆ ಬೇಕು?

ಆ ದಿನ ಅಮ್ಮ ಹೊಸ ಕನ್ನಡಕ ಹಾಕಿಸಿಕೊಳ್ಳಲು ಅಂಗಡಿಗೇ ಬಂದಿದ್ದಳು. ಮ್ಯಾನೇಜರ್ ಹೊರಗೆ ಹೋಗಿದ್ದರು. ಗಾಜು ಉಜ್ಜುವ ಮಷೀನು ಎಂದಿನಂತೆ ಕೈಕೊಟ್ಟು, ಕೆಲಸ ಎಳೆದೂ ಎಳೆದೂ ಸಂಜೆಯಾಯಿತು.

"ಪುಟ್ಟೀ, ಅಸರ್ ಹೊತ್ತು ಮೀರ್ತಿದೆ ಕಣೇ. ಖಿಬ್ಲಾ ಯಾವ ಕಡೆ, ಪಶ್ಚಿಮ ಎಲ್ಲಿದೆ?"

"ಇಲ್ಲಿ ಬೇಡಮ್ಮ, ಮನೇಲಿ ಮಾಡು."

"ಮನೆ ಸೇರೋದ್ರೊಳಗೆ ಸೂರ್ಯ ಮುಳುಗಿರ್ತಾನೆ. ನಿಮ್ಮ ಮಷೀನ್ ಥರ ಅವನೂ ಕೆಟ್ಟು ನಿಂತಿರ್ತಾನಾ?"

ಕತ್ತಲೆ ಕೋಣೆಯಲ್ಲಿ ಯಾರದ್ದೋ ಪರೀಕ್ಷೆ ನಡೆದಿತ್ತು. ಅಂಗಡಿಯ ಗೋಡೆ ತುಂಬ ಕನ್ನಡಿ. "ಇಷ್ಟೊಂದು ಕಡೆ ನನ್ನ ಮುಖಾನೇ ನೋಡ್ಕೊಂಡು ದೇವರ ಮುಂದೆ ಹೇಗೆ ನಿಲ್ಲೋದು?" ಎನ್ನುತ್ತಾ ಅಮ್ಮ ಕೈಕಾಲು ಮುಖ ತೊಳೆದು ಬಂದು, ಹೊರಗೆ ಕಾಂಪ್ಲೆಕ್ಸಿನ ಓಡಾಟದ ಜಾಗದಲ್ಲೇ ಶಾಲು ಹಾಸಿ ನಿಂತಳು. ಜನ ಸುತ್ತುಹಾಕಿಕೊಂಡು ಹೋಗುತ್ತಿದ್ದರು. ಮಗಳು ಬಾಗಿಲಲ್ಲಿ ನಿಂತು, ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಮ್ಯಾನೇಜರ್ ಬಂದರು. ಅಮ್ಮನನ್ನು ನೋಡಿದವರೇ ಸರಸರನೆ ಮಗಳ ಹತ್ತಿರ ಬಂದು ಕೇಳಿದರು: "ಇವರ ಜೊತೆ ಯಾರಿದಾರೆ? ನಿಂಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ ಸಾರ್. ಯಾರೋ ಗಿರಾಕಿ."

ಮಾತು ಬಾಯಿಂದ ಜಾರಿಹೋಯಿತು. ಆಗ ಕೈಕಟ್ಟಿ ನಿಂತಿದ್ದ ಅಮ್ಮ ಬಲಗೈಯಿಂದ ಎಡಗೈಯ ಹಿಂಬದಿಗೆ ಟಪ್ ಎಂದು ತಟ್ಟಿದಳು. ಸೊಳ್ಳೆ ಹೊಡೆದರು ಎಂದುಕೊಂಡರೋ ಏನೋ, ಮ್ಯಾನೇಜರ್ ಅತ್ತ ಒಮ್ಮೆ ನೋಡಿದರು, ಅಷ್ಟೇ. ಮಗಳಿಗೆ ಮಾತ್ರ ಅರ್ಥವಾಯಿತು. ಮನೆಯಲ್ಲಿ ಎಲ್ಲರೂ ಸೇರಿ ನಮಾಜ್ ಮಾಡುವಾಗ, ಮುಂದೆ ನಿಂತ ಅಪ್ಪ ಎಲ್ಲಾದರೂ ತಪ್ಪಿದರೆ ಹಿಂದಿನ ಸಾಲಿನ ಹೆಂಗಸರು ಬಾಯಿ ಬಿಡುವಂತಿಲ್ಲ, ಹೀಗೇ ಕೈ ತಟ್ಟಬೇಕು. ಅಪ್ಪ ಅಲ್ಲೇ ತಿದ್ದಿಕೊಳ್ಳುತ್ತಿದ್ದರು. ಇಲ್ಲಿ ಅಮ್ಮನ ಮುಂದೆ ಯಾರೂ ಇರಲಿಲ್ಲ. ತಪ್ಪಿದವಳು ಹಿಂದೆ ನಿಂತಿದ್ದಳು.

ತಿದ್ದಿಕೊಳ್ಳಲು ಬೇಕಾದಷ್ಟು ಹೊತ್ತಿತ್ತು. ಅಮ್ಮ ಬಾಗಿದಳು, ಹಣೆ ನೆಲಕ್ಕಿಟ್ಟಳು, ಎದ್ದಳು, ಮತ್ತೆ ಬಾಗಿದಳು. 'ನಮ್ಮಮ್ಮ ಸಾರ್' ಅಂದರೆ ಮುಗಿಯಿತು. ಅವಳು ಅದೇ ಗಾಜನ್ನು ಇನ್ನೊಮ್ಮೆ ಒರೆಸಿದಳು.

"ಪಾಪ, ಆ ಕಡೆ ನೆಲಕ್ಕೆ ಸೋಪಿನ ನೀರು ಹಾಕಿದಾರೆ, ಎದ್ದು ಹೋಗೋವಾಗ ಜಾರಿಬಿಟ್ರೆ ಕಷ್ಟ. ಅದಕ್ಕೇ ಕೇಳಿದೆ" ಎಂದರು ಮ್ಯಾನೇಜರ್. ಆಮೇಲೆ ತಾವೇ ಒಂದು ಕುರ್ಚಿ ತಂದು, ಜನ ಅಡ್ಡ ಬರದ ಹಾಗೆ ಅಮ್ಮನ ಮುಂದೆ, ಸ್ವಲ್ಪ ದೂರದಲ್ಲಿ ಇಟ್ಟರು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ಬೈಸಿಕೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅಮ್ಮ ಬಲಕ್ಕೆ, ಎಡಕ್ಕೆ ಮುಖ ತಿರುಗಿಸಿ ಸಲಾಂ ಹೇಳಿ ಮುಗಿಸಿದಳು. ಶಾಲು ಮಡಚುವಾಗ ಮ್ಯಾನೇಜರ್ ಕೇಳಿದರು: "ಜೊತೆಗೆ ಯಾರೂ ಬಂದಿಲ್ವೇನಮ್ಮಾ?"

ಅಮ್ಮ ಮಗಳ ಕಡೆ ನೋಡಿದಳು. ಸುಳ್ಳು ಹೇಳಿದ್ದಕ್ಕೆ ಇದೇ ಮಗಳನ್ನು ಚಿಕ್ಕಂದಿನಲ್ಲಿ ಊಟಕ್ಕೂ ಕರೆಯದೆ ಕೂರಿಸಿದ್ದ ಹೆಂಗಸು ಅವಳು.

"ಇಲ್ಲಪ್ಪ. ಒಬ್ಬಳೇ ಬಂದೆ."

ಕನ್ನಡಕ ಸಿದ್ಧವಾಗಿತ್ತು. ಮಗಳು ಅದನ್ನು ಅಮ್ಮನ ಕಿವಿಗೆ ಸಿಕ್ಕಿಸಿ, "ಬಿಗಿ ಆಗ್ತಿದೆಯಾ?" ಎಂದಳು.

"ಇಲ್ಲ ಮೇಡಂ. ಎಲ್ಲ ಚೆನ್ನಾಗಿ ಕಾಣಿಸ್ತಿದೆ."

"ಹೊಸ ಕನ್ನಡಕ, ಮೆಟ್ಟಿಲು ಮೇಲೆ ಕೆಳಗೆ ಅನ್ಸುತ್ತೆ. ಕೈ ಹಿಡಿದು ಇಳಿಸಿ ಬಾ" ಎಂದರು ಮ್ಯಾನೇಜರ್.

ಮಗಳು ಕೈ ಚಾಚಿದಳು. ಅಮ್ಮ ಆ ಕೈಯನ್ನು ಮೆಲ್ಲಗೆ ಸವರಿ, ಪಕ್ಕಕ್ಕೆ ಸರಿಸಿದಳು.

"ಬೇಡಪ್ಪ, ಮೇಡಂಗೆ ಕೆಲಸ ಇರುತ್ತೆ" ಎಂದು ಗೋಡೆ ಹಿಡಿದುಕೊಂಡು ಒಬ್ಬಳೇ ಇಳಿದು ಹೋದಳು.