ದಿಂಬಿನ ಮೇಲಿನ ಕೈ

ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರ್ ಪಟಪಟ ಬಡಿದುಕೊಳ್ಳುತ್ತಿದೆ, ಎದ್ದು ಹಿಡಿಯೋಣವೆಂದರೆ ಇವರು ನನ್ನ ಕಡೆ ತಿರುಗುತ್ತಾರೆ, ತಿರುಗಿದರೆ ಮಾತು, ಮಾತಾಡಿದರೆ ಬಿಪಿ ಏರುತ್ತದೆ — ನೋಡುವ ಮುಂಚೆ ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕೆಂಬುದು ಹಳೇ ನಿಯಮ, ನಾನು ಪಾಲಿಸುತ್ತಿರುವುದು ಮಾತ್ರ ಹೊಸದಾಗಿ, ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಲೇ ಮಗಳು ಹೇಗಿದ್ದಾಳೆ, ಅತ್ತೆಯ ಮಂಡಿನೋವು ಹೇಗಿದೆ ಎಂದು ಕೇಳಿಯೇ ಅಭ್ಯಾಸ, ಈಗ ನಾಲಿಗೆಗೆ ಕೆಲಸವಿಲ್ಲದೆ ತಲೆ ಒಂದೇ ಸಮನೆ ಓಡುತ್ತಿದೆ. ಎದುರಿನ ಕುರ್ಚಿಯಲ್ಲಿ ಬಸ್ ಡ್ರೈವರ್, ಎರಡೂ ಪಾದ ನೆಲಕ್ಕೆ, ಬೆನ್ನು ಕುರ್ಚಿಗೆ, ಟೇಬಲ್ ಮೇಲೆ ದಿಂಬು, ದಿಂಬಿನ ಮೇಲೆ ಅವರ ಎಡಗೈ, ಅಂಗೈ ಮೇಲಕ್ಕೆ, ಸ್ಟೇರಿಂಗ್ ಹಿಡಿದು ಹಿಡಿದು ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಸಾಲು — ನಾನು ಹೇಳುವ ತನಕ ಕೈ ಅಲ್ಲಾಡಿಸಬೇಡಿ ಅಂದಿದ್ದೆ, ಅಲ್ಲಾಡಿಸಿಲ್ಲ, ಹೇಳಿದ್ದನ್ನು ಕೇಳುವ ಜೀವ, ಬೆಲ್ಟು ಹಾಕದೆ ಬಸ್ ಹೊರಡಿಸದ ಮನುಷ್ಯ. ಡಿಪೋದವರು ಬಿಪಿಗೆ ಒಂದು ಗೆರೆ ಎಳೆದಿದ್ದಾರೆ, ಮೂರು ಸಲ ಅದನ್ನು ದಾಟಿದರೆ ಸ್ಟೇರಿಂಗ್ ಬಿಟ್ಟು ಇಳಿಯಬೇಕು, ಬಸ್ ತೊಳೆಯುವ ಅಂಗಳಕ್ಕೆ, ಎಲ್ಲಿಯವರೆಗೆ ಎಂದು ಯಾರೂ ಹೇಳುವುದಿಲ್ಲ. ಇವರು ಎರಡು ಸಲ ದಾಟಿದ್ದಾರೆ. ಹೋದ ಸಲ ಬಾಗಿಲ ಹತ್ತಿರ ನಿಂತು ಹೇಳಿದರಲ್ಲ — ಸ್ಟೇರಿಂಗ್ ಇಲ್ದಿದ್ರೆ ಈ ಕೈಗಳನ್ನ ಎಲ್ಲಿ ಇಟ್ಕೋಬೇಕು ಅಂತಾನೇ ಗೊತ್ತಾಗಲ್ಲ ಮೇಡಂ.

ಎರಡು ಸಲವೂ ಆ ಕೈ ಎಲ್ಲಿತ್ತು, ತೊಡೆಯ ಮೇಲೆ, ಎಲ್ಲ ರೋಗಿಗಳ ಕೈಯೂ ಅಲ್ಲೇ, ಟೇಬಲ್ ತುಂಬ ಔಷಧಿ ಕಂಪನಿಯವರು ಕೊಟ್ಟ ಸ್ಯಾಂಪಲ್ಲು, ಕೈ ಇಡಲು ಜಾಗವೆಲ್ಲಿ. ನನ್ನ ಜೊತೆ ಕೆಲಸ ಮಾಡುವ ಕಿರಿಯ ಡಾಕ್ಟರಮ್ಮ ಒಂದು ಬೆಳಿಗ್ಗೆ ಫೋನ್ ಹಿಡಿದುಕೊಂಡು ಬಂದು, ಮೇಡಂ, ಈ ಸಂಶೋಧನೆ ನೋಡಿ, ಒಬ್ಬೊಬ್ಬರನ್ನೂ ಮೂರು ಥರ ಕೂರಿಸಿ ನೋಡಿದಾರೆ, ಕೈ ಟೇಬಲ್ ಮೇಲೆ ಎದೆ ಮಟ್ಟಕ್ಕಿದ್ರೆ ಸರಿ, ತೊಡೆ ಮೇಲಿದ್ರೆ ಸುಮಾರು ನಾಲ್ಕು ಜಾಸ್ತಿ ತೋರ್ಸುತ್ತೆ, ಜೋತುಬಿಟ್ರೆ ಆರೇಳು, ಅಂದಳು. ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದಳು ಅಂದುಕೊಂಡೆ, ಓದ್ತೀನಿ ಬಿಡು ಅಂದೆ, ಅವಳು ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ನನಗೆ ನಾನೇ ಪಟ್ಟಿ ಸುತ್ತಿಕೊಂಡೆ, ಜೋತುಬಿಟ್ಟು, ತೊಡೆಯ ಮೇಲಿಟ್ಟು, ಟೇಬಲ್ ಮೇಲಿಟ್ಟು — ಹುಡುಗಿ ಹೇಳಿದ್ದೇ ಸರಿ, ನನಗೆ ಹೊಟ್ಟೆ ಉರಿಯಿತು, ಖುಷಿಯೂ ಆಯಿತು. ಮನೆಯಲ್ಲಿ ಹೇಳಿದರೆ ಗಂಡ, ಹಾಗಾದ್ರೆ ಇಷ್ಟು ದಿನ ನಂಗೆ ಉಪ್ಪಿಲ್ಲದ ಅಡುಗೆ ಹಾಕಿದ್ದು ಯಾವ ಲೆಕ್ಕಕ್ಕೆ, ನನ್ನ ಕೈ ಎಲ್ಲಿತ್ತು ಆಗ, ಎಂದು ಉಪ್ಪಿನ ಡಬ್ಬಿ ಎಳೆದುಕೊಂಡರು. ನಕ್ಕೆ, ನಗುತ್ತಲೇ ಡ್ರೈವರ್ ನೆನಪಾದರು, ಎರಡು ಸಲವೂ ಅವರು ಗೆರೆ ದಾಟಿದ್ದು ಮೂರೇ ಮೂರು ಪಾಯಿಂಟಿನಿಂದ, ನಾಲ್ಕು ಕಳೆದರೆ ಈಚೆಗೆ ಬರುತ್ತಾರೆ, ಬದುಕಿಕೊಳ್ಳುತ್ತಾರೆ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು — ಇಂಥದ್ದು ಕಸುಬಿನಲ್ಲಿ ಎಷ್ಟು ಸಲ ಸಿಗುತ್ತದೆ, ತಡೆಯಲಾಗದೆ ನಾನೇ ಫೋನ್ ಮಾಡಿದೆ, ಬನ್ನಿ, ಸರಿಯಾಗಿ ನೋಡೋಣ, ಕಮ್ಮಿ ಬರಬಹುದು. ಬರಬಹುದು ಅಂದಿದ್ದೆ. ಅವರಿಗೆ ಬರುತ್ತದೆ ಎಂದೇ ಕೇಳಿಸಿದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಾರೆ, ಹೊರಗೆ ಬೆಂಚಿನ ಮೇಲೆ ಹೆಂಡತಿ ಬೇರೆ ಕೂತಿದ್ದಾಳೆ, ಆಸೆ ಹುಟ್ಟಿಸಿದವಳು ನಾನೇ.

ಐದು ನಿಮಿಷ ಆಯಿತು, ಬಲ್ಬ್ ಒತ್ತುತ್ತೇನೆ, ಪಾದರಸ ಏರುತ್ತದೆ, ಬೇಕಾದ್ದಕ್ಕಿಂತ ಮೇಲಕ್ಕೆ, ಈಗ ಮೆಲ್ಲಗೆ ಬಿಡಬೇಕು, ಸ್ಟೆತಸ್ಕೋಪಿನಲ್ಲಿ ಮೊದಲ ಸದ್ದು ಕೇಳಿಸಿದ ಜಾಗವೇ ಬಿಪಿ, ಕಿವಿಯಲ್ಲಿ ಏನೂ ಇಲ್ಲ, ಇನ್ನೂ ಇಲ್ಲ, ಇಳಿ ತಾಯಿ, ಸದ್ದಿಲ್ಲದೆ ಗೆರೆಯ ತನಕ ಇಳಿ — ಟಕ್. ಇಷ್ಟು ಬೇಗ ಯಾಕೆ, ಟಕ್, ಟಕ್, ಗೆರೆ ಇನ್ನೂ ಎಷ್ಟೋ ಕೆಳಗಿದೆ, ಹೋದ ಸಲಕ್ಕಿಂತಲೂ ಹೆಚ್ಚು, ಹೆದರಿರಬಹುದು, ಮೆಟ್ಟಿಲು ಹತ್ತಿ ಬಂದಿರಬಹುದು, ಕ್ಯಾಲೆಂಡರಿನ ಸದ್ದಿರಬಹುದು. ಗಾಳಿ ಪೂರ್ತಿ ಬಿಟ್ಟು ಕಾದು ಮತ್ತೆ ಒತ್ತುತ್ತೇನೆ, ಅಂಗೈ ಹಾಗೇ ಇದೆ, ಮೇಲಕ್ಕೆ, ನೋಡಬಾರದು, ಪಾದರಸ ನೋಡು — ಅಲ್ಲೇ, ಅದೇ ಜಾಗ. ಮೂರನೆಯ ಸಲವೂ ಅದೇ. ಈಗ ನೆಪ ಹೇಳಲು ಏನೂ ಉಳಿದಿಲ್ಲ, ಕೈ ತೊಡೆಯ ಮೇಲಿಲ್ಲ, ಮಾತಿಲ್ಲ, ಎಲ್ಲವೂ ಪುಸ್ತಕದಲ್ಲಿದ್ದ ಹಾಗೇ, ಅವರನ್ನು ಉಳಿಸುತ್ತದೆಂದು ನಂಬಿದ ವಿದ್ಯೆಯೇ ಅವರ ಮೇಲೆ ಸಾಕ್ಷಿ ಹೇಳಿತು. ಗೆರೆಯಿಂದ ಒಂದು ಕಡಿಮೆ ಎಂದು ಬರೆದರೆ ಯಾರು ಕೇಳುತ್ತಾರೆ, ನನ್ನ ಕಿವಿಯೊಳಗಿನ ಸದ್ದು ಇನ್ಯಾರಿಗೆ ಕೇಳಿಸಿತು, ಯಾರಿಗೂ ಇಲ್ಲ, ಬಸ್ಸಿನ ತುಂಬ ಕೂತು ತೂಕಡಿಸುವ ಜನಕ್ಕೂ ಇಲ್ಲ, ಹೊರಗಿನ ಬೆಂಚಿನವಳಿಗೂ ಇಲ್ಲ — ಇವರ ಮೆದುಳಿನ ರಕ್ತನಾಳ ಒಡೆದಾಗ ಆಸ್ಪತ್ರೆಗೆ ಓಡುವವಳು ಅವಳೇ. ಇಲ್ಲ, ಬರೆಯಲಾರೆ. ಸ್ಟೆತಸ್ಕೋಪ್ ಕತ್ತಿಗೆ ಇಳಿಸುತ್ತೇನೆ. ಕಮ್ಮಿ ಬಂತಾ ಮೇಡಂ. ಇಲ್ಲಪ್ಪ, ಜಾಸ್ತಿನೇ ಇದೆ, ಇವತ್ತಿಂದ ಮಾತ್ರೆ ಶುರು ಮಾಡೋಣ, ಇಳಿಯೋವರೆಗೂ ಬಸ್ ಬೇಡ. ಅವರು ಹೂಂ ಅಂದರು, ಅಷ್ಟೇ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎಷ್ಟು ಕಾಲ ಬೇಕಾದೀತು ಎಂದು ಹೇಳಬೇಕು, ಡಿಪೋದವರ ಹತ್ತಿರ ನಾನೇ ಮಾತಾಡುತ್ತೇನೆ ಎನ್ನಬೇಕು, ಪಟ್ಟಿ ಬಿಚ್ಚಿದ್ದೇನೆ, ತೋಳಿನ ಮೇಲೆ ಅದರ ಗುರುತು, ಕೆಳಗೆ ಅಂಗೈ, ಆ ಜಡ್ಡಿನ ಸಾಲು, ಇನ್ನೂ ದಿಂಬಿನ ಮೇಲೇ, ಮೇಲಕ್ಕೇ — ಯಾಕೆ ತೆಗೆಯುತ್ತಿಲ್ಲ, ಆಯಿತಲ್ಲ, ಎಲ್ಲ ಮುಗಿಯಿತಲ್ಲ — ನಾನು ಹೇಳಿಲ್ಲ, ತೆಗೆಯಿರಿ ಎಂದು ನಾನಿನ್ನೂ ಹೇಳಿಲ್ಲ, ಅಲ್ಲಾಡಿಸದೆ ಹಿಡಿದಿದ್ದಾರೆ, ಕೈ, ದಿಂಬಿನ ಮೇಲೆ, ಆ ಕೈ