ಎರಡು ಹಳದಿಯ ಮೊಟ್ಟೆ

ಹದಿನೆಂಟನೇ ದಿನದ ಟ್ರೇಗಳನ್ನು ಕಾವಿನ ಮಷೀನಿನಿಂದ ಹೊರಗೆಳೆದಾಗ ಟಾರ್ಚಕ್ಕನ ಕಣ್ಣು ಹುಡುಕಿದ್ದು ಪೆನ್ಸಿಲಿನಲ್ಲಿ ಸಣ್ಣ ಗೀಟು ಎಳೆದಿದ್ದ ಒಂದೇ ಒಂದು ಮೊಟ್ಟೆಯನ್ನು. ಉಳಿದವಕ್ಕಿಂತ ಅದು ಉದ್ದ, ನಡು ಸ್ವಲ್ಪ ದಪ್ಪ. ದೀಪದ ಬಾಯಿಗೆ ಹಿಡಿದಳು. ತಿರುಗಿಸಿದಳು. ಉಸಿರು ಬಿಗಿಹಿಡಿದು ಕಾದಳು. ಒಳಗಿನ ಕಪ್ಪು ಮುದ್ದೆ ಮಿಸುಕಲಿಲ್ಲ.

ಆ ಕೋಳಿಮರಿ ಹ್ಯಾಚರಿಯಲ್ಲಿ ಕತ್ತಲೆ ಕೋಣೆಯ ಕೆಲಸ ಅವಳದು. ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ಹೇಳುವುದು. ಹನ್ನೊಂದು ವರ್ಷ ಇದನ್ನೇ ಮಾಡಿ ಈ ಅಡ್ಡಹೆಸರು ಅಂಟಿಕೊಂಡಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಎರಡು ಹಳದಿಯ ಮೊಟ್ಟೆ ಕಂಡರೆ, ಅಲ್ಲಿಯವರ ಬಾಯಲ್ಲಿ ‘ಡಬಲ್’, ಕಾವಿಗಿಡುವ ಮೊದಲೇ ತೆಗೆದುಬಿಡಬೇಕು. ಒಂದು ಚಿಪ್ಪಿನೊಳಗೆ ಎರಡು ಮರಿಗೆ ಜಾಗ ಸಾಲದು, ಗಾಳಿ ಸಾಲದು. ಒಂದು ಇನ್ನೊಂದನ್ನು ಒತ್ತುತ್ತದೆ, ಕಡೆಗೆ ಎರಡೂ ಹೋಗುತ್ತವೆ. ಇದನ್ನು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ, ಕಣ್ಣಾರೆ ಕಂಡಿದ್ದಳು.

ಹಾಗಿದ್ದರೆ ಈ ಡಬಲ್ ಮಷೀನಿನೊಳಗೆ ಹೇಗೆ ಹೋಯಿತು? ಅವಳೇ ಕದ್ದುಮುಚ್ಚಿ ಇಟ್ಟಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಾದವಳಿಗೆ ಮೊದಲ ಸ್ಕ್ಯಾನ್ ಮಾಡಿದಾತ “ಅವಳಿ” ಎಂದಷ್ಟೇ ಹೇಳಿ, ಚೀಟಿ ಕೈಗಿತ್ತು ಮುಂದಿನವಳನ್ನು ಕರೆದಿದ್ದ. ಮಾರನೆಯ ಬೆಳಿಗ್ಗೆಯೇ ಅವಳು ಈ ಮೊಟ್ಟೆಗೆ ಗೀಟು ಎಳೆದದ್ದು. ನೋಡೇಬಿಡೋಣ ಎನ್ನುವ ಹಟ. ಏಳನೇ ದಿನ ಒಳಗೆ ಎರಡು ಕಡೆ ಕೆಂಪು ನರಗಳ ಬಲೆ ಹರಡಿತ್ತು. ಆವತ್ತು ಸಂತೋಷಕ್ಕೆ ಊಟವೇ ಸೇರಲಿಲ್ಲ. ಹದಿನಾಲ್ಕಕ್ಕೆ ಒಂದು ಬಲೆ ಮಸುಕಾಗಿತ್ತು. ಇವತ್ತು ಎರಡೂ ಇಲ್ಲ.

“ಇದನ್ನ ಯಾರೇ ಇಟ್ಟಿದ್ದು?” ಬೆನ್ನ ಹಿಂದೆ ದೊಡ್ಡಮ್ಮನ ದನಿ. ಆ ಕೋಣೆಯ ಮೇಲ್ವಿಚಾರಕಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಅವರ ಕಣ್ಣಿಗೆ ಮಣ್ಣೆರಚುವುದು ಮಷೀನಿಗೂ ಸಾಧ್ಯವಿರಲಿಲ್ಲ.

“ನಾನೇ, ದೊಡ್ಡಮ್ಮ. ನಂಗೂ ಡಬಲ್ಲೇ,” ಎಂದಳು ಟಾರ್ಚಕ್ಕ.

ದೊಡ್ಡಮ್ಮ ಮೊಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡರು. “ಗಂಡನಿಗೆ ಹೇಳಿದೀಯಾ?”

“ಬಸುರಿ ಅಂತ ಗೊತ್ತು. ಎರಡು ಅಂತ ಹೇಳಿಲ್ಲ. ಒಂದು ಅಂದ್ಕೊಂಡೇ ಹಾರಾಡ್ತಿದಾರೆ. ಎರಡು ಅಂತ ಹೇಳಿ ಆಮೇಲೆ ಒಂದೂ ಇಲ್ಲ ಅನ್ನೋಕೆ ನನ್ ಕೈಲಾಗಲ್ಲ.”

“ಅಲ್ಲ ಕಣೇ, ಕೋಳಿ ವಿಷಯ ನಂಗೆ ಗೊತ್ತು, ನಿಂಗೆ ಗೊತ್ತು. ನಿನ್ನ ಹೊಟ್ಟೆ ವಿಷಯ ನಮ್ಮಿಬ್ಬರಿಗೂ ಗೊತ್ತಿಲ್ಲ. ನಾಳೆ ಸ್ಕ್ಯಾನ್ ಇದೆ ತಾನೇ? ಗೊತ್ತಿರೋರನ್ನ ಬಾಯಿಬಿಟ್ಟು ಕೇಳು.”

ಮಾರನೆಯ ದಿನದ ಸ್ಕ್ಯಾನ್ ಕೋಣೆಯೂ ಕತ್ತಲೆ. ಅದಷ್ಟೇ ಅವಳಿಗೆ ಧೈರ್ಯ ಕೊಟ್ಟದ್ದು. ಈ ಸಲ ಇದ್ದವರು ನಡುವಯಸ್ಸಿನ ಡಾಕ್ಟರಮ್ಮ, ಬೆಳಗಿನಿಂದ ಕೂತು ಸೊಂಟ ಹಿಡಿದವರಂತೆ ಓರೆಯಾಗಿ ಕುಳಿತಿದ್ದರು. ಹೊಟ್ಟೆಗೆ ತಣ್ಣನೆಯ ಲೋಳೆ ಬಿದ್ದದ್ದೇ ತಡ, ಟಾರ್ಚಕ್ಕ ಕೇಳಿಯೇಬಿಟ್ಟಳು.

“ಮೇಡಂ, ಎರಡೂ ಒಂದೇ ಚಿಪ್ಪಲ್ಲಿ ಇದಾವಾ?”

“ಚಿಪ್ಪಾ?”

ಟಾರ್ಚಕ್ಕ ಹ್ಯಾಚರಿಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. ಪರದೆಯನ್ನು ಅವಳ ಕಡೆಗೆ ತಿರುಗಿಸಿದರು.

“ಮಧ್ಯ ದಪ್ಪ ಗೆರೆ ಕಾಣ್ತಿದೆಯಾ? ಅದು ಗೋಡೆ. ಈ ಕಡೆದು ಒಂದು ಚೀಲ, ಆ ಕಡೆದು ಇನ್ನೊಂದು. ಮಾಸೂ ಎರಡಿದೆ, ಒಂದು ಮುಂದೆ, ಒಂದು ಹಿಂದೆ. ಇವರ ಊಟಕ್ಕೆ ಅವರು ಕೈ ಹಾಕೋ ಹಾಗಿಲ್ಲ. ತಿಂಗಳಿಗೆ ಸಾಮಾನ್ಯ ಒಂದೇ ಅಂಡ ಹೊರಗೆ ಬರೋದು. ನಿಮಗೆ ಆ ತಿಂಗಳು ಎರಡು ಬಂದಿರಬೇಕು. ಒಂದೊಂದಕ್ಕೆ ಒಂದೊಂದು ವೀರ್ಯಾಣು ಸೇರಿ, ಗರ್ಭಕೋಶಕ್ಕೆ ಇಳಿದು, ಬೇರೆ ಬೇರೆ ಕಡೆ ಕಚ್ಚಿಕೊಂಡಿವೆ. ಬಹುಶಃ ಹಾಗೇ. ಖಚಿತ ಆಗೋದು ಹುಟ್ಟಿದ ಮೇಲೆ.”

“ಡಬಲ್ ಆಗೋದೂ ಹಾಗೇನೆ ಮೇಡಂ! ಎರಡು ಹಳದಿ ಒಟ್ಟಿಗೆ ಜಾರುತ್ತೆ. ಆಮೇಲೆ ಎರಡರ ಮೇಲೂ ಸೇರಿಸಿ ಒಂದೇ ಚಿಪ್ಪು ಕೂತ್ಕೊಳ್ಳುತ್ತೆ.”

“ಹೌದಾ? ಇದು ನಂಗೆ ಗೊತ್ತಿರಲಿಲ್ಲ,” ಎಂದು ಡಾಕ್ಟರಮ್ಮ ನೆಟ್ಟಗೆ ಕೂತರು. “ಆದ್ರೆ ಚಿಪ್ಪು ಹಿಗ್ಗಲ್ಲ. ಗರ್ಭಕೋಶ ಹಿಗ್ಗುತ್ತೆ.”

“ಹಾಗಾದ್ರೆ ಎರಡೂ ಉಳಿಯುತ್ತಾ?”

“ಬರೆದುಕೊಡೋಕೆ ಆಗಲ್ಲಮ್ಮ. ಅವಳಿ ಅಂದ್ರೆ ಬೇಗ ಹುಟ್ಟಬಹುದು, ಒಂದು ಸಣ್ಣದಾಗಿ ಬೆಳೀಬಹುದು. ಅದಕ್ಕೇ ಮತ್ತೆ ಮತ್ತೆ ಕರೆದು ನೋಡ್ತೀವಿ. ಆದ್ರೆ ಒಂದೇ ಚಿಪ್ಪಿನ ಕಥೆ ನಿಮ್ಮದಲ್ಲ. ಇವತ್ತಿಗೆ ಇಬ್ಬರೂ ಚೆನ್ನಾಗಿದಾರೆ.”

ಟಾರ್ಚಕ್ಕ ಪರದೆಗೆ ಕಣ್ಣು ಕೀಲಿಸಿದಳು. ಹನ್ನೊಂದು ವರ್ಷ ಪಳಗಿದ ಕಣ್ಣು. “ಮೇಲಿಂದು ಕಾಲು ಝಾಡಿಸ್ತು,” ಎಂದಳು. ಡಾಕ್ಟರಮ್ಮ ಸಲಕರಣೆಯನ್ನು ಅತ್ತ ಸರಿಸಿ ನೋಡಿದರೆ, ನಿಜ. “ಕೆಳಗಿಂದು ಕೈ ಬಾಯಿ ಹತ್ರ ತಗೊಂಡೋಯ್ತು.” ಅದೂ ನಿಜ. ಆಮೇಲೆ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಇಬ್ಬರೂ ಒಂದೇ ಥರ ಇರ್ತಾರಾ? (ಒಡಹುಟ್ಟಿದವರು ಹೋಲುವಷ್ಟು, ಅಷ್ಟೇ.) ಯಾವುದು ಮೊದಲು ಬಂದ ಅಂಡ? (ಅದು ಯಾರಿಗೂ ಗೊತ್ತಾಗಲ್ಲ.) ಗೋಡೆಯಾಚೆ ಇನ್ನೊಬ್ಬರಿದ್ದಾರೆ ಅಂತ ಅವಕ್ಕೆ ತಿಳಿಯುತ್ತಾ? “ಕೇಳಿದವರು ನೀವೇ ಮೊದಲು,” ಎಂದರು ಡಾಕ್ಟರಮ್ಮ. ಹೊರಗೆ ಸಾಲು ಬೆಳೆದಿತ್ತು. ಹೊಟ್ಟೆ ಒರೆಸಿಕೊಳ್ಳುವಾಗ ಟಾರ್ಚಕ್ಕನಿಗೆ ಅಳು ಬಂತು, ಅದರ ಪಾಡಿಗೆ ಬರಲಿ ಎಂದು ಬಿಟ್ಟಳು.

ಗಂಡ ಹೊರಗೆ ವ್ಯಾನಿನಲ್ಲಿ ಕಾಯುತ್ತಿದ್ದ. ಮರಿಗಳ ಡಬ್ಬ ಸಾಗಿಸುವ ಕೆಲಸ ಅವನದು, ಎರಡು ಗಂಟೆಯ ರಜೆ ಕೇಳಿ ಬಂದಿದ್ದ. ಅವಳು ಹತ್ತಿ ಕೂರುವಷ್ಟರಲ್ಲಿ ವ್ಯಾನು ಶುರುವಾಯಿತು.

“ಏನಂದ್ರು? ಮಗು ಹೇಗಿದೆಯಂತೆ? ಅಳ್ತಿದ್ಯಾ?”

“ಇಂಜಿನ್ ಆಫ್ ಮಾಡ್ರೀ.”

ಅವನು ಹೆದರಿ ಆಫ್ ಮಾಡಿದ. ಅವಳು ಅವನ ಎಡಗೈ ಎಳೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಲ್ಲಿ ಕೈಗೆ ಸಿಗುವಂಥದ್ದು ಇನ್ನೂ ಏನೂ ಇರಲಿಲ್ಲ, ಸೀರೆಯ ನೆರಿಗೆ ಬಿಟ್ಟರೆ.

“ಆ ಕೈನೂ ಕೊಡಿ.”

“ಯಾಕೆ?”

“ಕೊಡ್ರೀ. ಎರಡೂ ಬೇಕು.”

ಅವನು ಅವಳ ಮುಖ ನೋಡಿದ. ಸ್ಟಿಯರಿಂಗ್ ಹಿಡಿದಿದ್ದ ಬಲಗೈಯ ಬೆರಳುಗಳು ಒಂದೊಂದಾಗಿ ಸಡಿಲವಾದವು.