ರಾಚಮ್ಮನ ತಟ್ಟೆ

"ಇನ್ನೊಂದ್ ಕೊಡ ಹುಯ್ಯಿ ಕಣಮ್ಮಿ," ಎಂದಳು ಪಕ್ಕದ ಮನೆಯ ಪುಟ್ಟಿ. ರಾಚಮ್ಮನ ಹೆಣಕ್ಕೆ ನೀರು ಹುಯ್ಯುತ್ತಿದ್ದ ಶಿವರಂಜಿನಿ ಮತ್ತೆಮತ್ತೆ ತಲೆಯೆತ್ತಿ ನೋಡುತ್ತಿದ್ದಳು. ಬೀದಿಯ ತುದಿಯಲ್ಲಿ ಅವಳ ಗಂಡ ಮಲ್ಲೇಶ್ ಬಂದು ನಿಂತಿದ್ದ. ಅವನ ಏಟು ತಾಳಲಾರದೆ ಗುಂಡ್ಲುಪೇಟೆ ಬಿಟ್ಟು ಕುದೇರಿಗೆ ಓಡಿಬಂದವಳನ್ನು ಹೋದ ವರ್ಷದಿಂದ ಸಾಕಿದವಳು ರಾಚಮ್ಮ. ಈಗ ಆ ಮುದುಕಿಯೇ ಇಲ್ಲ.

ಸತ್ತವರ ಸಾಮಾನು ಮನೆಯಲ್ಲಿ ಉಳಿಯಬಾರದು. ಹೆಣದ ಜೊತೆ ಗುಂಡಿಗೆ ಹಾಕಲೆಂದು ರಾಚಮ್ಮನ ಮಗ ಶಿವಮಲ್ಲು ಅವ್ವನ ಸೀರೆ, ಎಲೆಅಡಿಕೆ ಚೀಲ, ಬಾಗಿಲ ಮೊಳೆಯಲ್ಲಿ ದಾರ ಕಟ್ಟಿ ತೂಗುಬಿಟ್ಟಿದ್ದ ನೆಗ್ಗಿದ ತಟ್ಟೆ, ಎಲ್ಲ ತಂದು ಜಗಲಿಯ ಮೇಲಿಟ್ಟ.

"ಅವ್ವ ಇದ್ದಷ್ಟ್ ದಿನ ಆಯ್ತು. ಮಣ್ಣಾದ್ಮೇಲೆ ಗಂಡನ ಜೊತೆ ಓಗ್ಬುಡವ್ವ," ಎಂದ, ಶಿವರಂಜಿನಿಯ ಮುಖ ನೋಡದೆ.

*

ಆ ತಟ್ಟೆಯ ಕತೆ ಊರಿಗೆಲ್ಲ ಗೊತ್ತು. ಚಾಮರಾಜನಗರದ ಹೆಂಗಸರ ಸಂಘದ ಸಭೆಯಲ್ಲಿ ವಕೀಲಮ್ಮನೊಬ್ಬಳ ಮಾತು ಕೇಳಿ ರಾಚಮ್ಮ ನೆಲಕ್ಕೆ ಕಾಲೂರದೆ ಬಂದಿದ್ದಳು. ಬಂದವಳೇ, ಹೆಂಡತಿಯನ್ನು ಬಡಿಯುತ್ತಿದ್ದ ಮೂಗಯ್ಯನ ಬಾಗಿಲಲ್ಲಿ ನಿಂತು ತಟ್ಟೆ ಬಡಿದಳು.

"ನಮ್ಮನೆ ವಿಚಾರ, ನಿಂಗ್ಯಾಕಮ್ಮ?"

"ಮನೆ ವಿಚಾರ ಅಲ್ಲ ಕಣ್ಲಾ. ಮನೆಯೊಳಗೆ ಹೊಡುದ್ರೂ ಸರ್ಕಾರ ಕೇಳ್ಬೇಕು ಅಂತ ಲೋಕದ ದೇಶಗೋಳೆಲ್ಲ ಒಪ್ಕಂಡು ರುಜು ಹಾಕವೆ. ನಮ್ ದೇಶನೂ ಹಾಕದೆ. ನೀನ್ಯಾವ ದೊಡ್ಮನ್ಸ?"

ಬೀದಿ ಬಿದ್ದುಬಿದ್ದು ನಕ್ಕಿತ್ತು. ಆದರೆ ಅಂದಿನಿಂದ, ರಾಚಮ್ಮನ ತಟ್ಟೆ ಸದ್ದಾದರೆ ಹೆಂಗಸರೆಲ್ಲ ತಮ್ಮ ತಮ್ಮ ತಟ್ಟೆ ಹಿಡಿದು ಓಡಿಬರುವುದು ರೂಢಿಯಾಯಿತು.

*

ಚಟ್ಟ ಎತ್ತುವ ಗಡಿಬಿಡಿಯಲ್ಲಿ ಮಲ್ಲೇಶ್ ಬಂದು ಶಿವರಂಜಿನಿಯ ರಟ್ಟೆ ಹಿಡಿದ.

"ನಡಿ. ಮುದ್ಕಿ ಸತ್ತಾಯ್ತು. ಇನ್ಯಾರ್ ಬಂದಾರು ನಿಂಗೆ?"

ಅವಳ ಇನ್ನೊಂದು ಕೈ ತಾನಾಗಿ ಜಗಲಿಯತ್ತ ಹೋಯಿತು. ತಟ್ಟೆ ಎಳೆದುಕೊಂಡು ಕಲ್ಲುಕಂಬಕ್ಕೆ ಬಡಿದಳು. ಮತ್ತೆ ಬಡಿದಳು.

ಸಾವಿನ ಮನೆಯೆಂಬುದನ್ನೇ ಮರೆತು ಬೀದಿ ಎದ್ದಿತು. ಪುಟ್ಟಿ ಒದ್ದೆ ಸೀರೆಯಲ್ಲೇ ತಟ್ಟೆ ತಂದಳು. ಮೂಗಯ್ಯನ ಹೆಂಡತಿ ಮುದ್ದೆಯ ತಟ್ಟೆಯನ್ನು ತೊಳೆಯದೆಯೇ ತಂದಳು. ಅಬ್ಬಬ್ಬ, ಆ ಸದ್ದಿನಲ್ಲಿ ಚಟ್ಟದ ಮುಂದೆ ಬಾರಿಸುತ್ತಿದ್ದ ದಾಸಯ್ಯನ ಜಾಗಟೆ ಕೇಳಿಸಲೇ ಇಲ್ಲ. ಮಲ್ಲೇಶ್ ಕೈ ಬಿಟ್ಟ, ಹಿಂದೆ ಸರಿದ, ಆಮೇಲೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಶಿವರಂಜಿನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಸದ್ದು ನಿಂತಮೇಲೆ ಶಿವಮಲ್ಲು ತಟ್ಟೆಗೆ ಕೈ ಚಾಚಿದ. ಗುಂಡಿಗೆ ಹಾಕಬೇಕಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಅವಳು ತಟ್ಟೆ ಕೊಟ್ಟಳು.

ಅವನು ಅದನ್ನು ತಿರುಗಿಸಿ ನೋಡಿದ. "ಇದು ಅವ್ವ ಒಬ್ಳುದೇ ಅಲ್ಲ ಬುಡು," ಎಂದು ಬಾಗಿಲಿಗೆ ಹೋಗಿ ಮೊದಲಿನ ಮೊಳೆಗೇ ತೂಗುಹಾಕಿದ. ಆಮೇಲೆ ಬಂದು ಚಟ್ಟಕ್ಕೆ ಹೆಗಲು ಕೊಟ್ಟ.

ಹೆಣ ಬೀದಿ ತಿರುಗುವಾಗ, ಜೊತೆಗೆ ನಡೆದಿದ್ದ ಶಿವರಂಜಿನಿ ಹಿಂತಿರುಗಿ ನೋಡಿದಳು. ತಟ್ಟೆ ಇನ್ನೂ ಅಲ್ಲಾಡುತ್ತಿತ್ತು.